ಹನಿ ಎಲ್ಲಿಂದ ಹೊರಟಿತು?

ಮೆಕ್ಕೆಜೋಳದ ಸುಗ್ಗಿ ಶುರುವಾಯಿತೆಂದರೆ ಹಿರೇಕೆರೂರು ಸೀಮೆಯಲ್ಲಿ ಪಿಕ್‌ಅಪ್ ಗಾಡಿಗಳಿಗೆ ಬಿಡುವಿರುವುದಿಲ್ಲ. ಹೊಲದಿಂದ ಕಣಕ್ಕೆ ತೆನೆ, ಕಣದಿಂದ ಎಪಿಎಂಸಿಗೆ ಚೀಲ, ಮರಳಿ ಬರುವಾಗ ಗೊಬ್ಬರವೋ ಸಿಮೆಂಟೋ. ಅದು ಮುಗಿಯುವ ಹೊತ್ತಿಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆ ತುಂಬಿಕೊಳ್ಳುತ್ತದೆ. ನಡುವೆ ಮದುವೆಯ ದಿಬ್ಬಣ, ಜಾತ್ರೆ, ದನದ ಸಂತೆ. ಅಬಲೂರು ಎಂದರೆ ನಾಡಿನ ಉಳಿದವರಿಗೆ ಸರ್ವಜ್ಞನ ಊರು, ಏಕಾಂತದ ರಾಮಯ್ಯನ ಕಥೆಯನ್ನು ಕಲ್ಲಿನಲ್ಲಿ ಕೊರೆದಿಟ್ಟುಕೊಂಡಿರುವ ಸೋಮೇಶ್ವರ ಗುಡಿಯ ಊರು. ಅಲ್ಲಿಯೂ ಸುತ್ತಲಿನ ಹಂಸಭಾವಿ, ಚಿಕ್ಕೇರೂರು, ಕೋಡ, ಮಾಸೂರು, ರಟ್ಟೀಹಳ್ಳಿಗಳಲ್ಲಿಯೂ ಎಷ್ಟೋ ಮನೆಗಳ ಸಂಸಾರ ನಡೆಯುವುದು ಅರ್ಧ ಹೊಲದಿಂದ, ಇನ್ನರ್ಧ ಕೆಎ-27 ನಂಬರಿನ ಒಂದು ಡೀಸೆಲ್ ಗಾಡಿಯಿಂದ. ಬೊಲೆರೊ ಪಿಕ್‌ಅಪ್, ದೋಸ್ತ್, 2005ರಲ್ಲಿ ಬಂದು ‘ಛೋಟಾ ಹಾಥಿ’ ಎಂದೇ ಹೆಸರಾದ ಟಾಟಾ ಏಸ್. ಸಾಲದ ಕಂತು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ, ಬಾಡಿಗೆ ಹಾಗೆ ಬರುವುದಿಲ್ಲ.

ಇಂಥ ಗಾಡಿಯ ಕೆಳಗೆ ಒಂದು ಬೆಳಿಗ್ಗೆ ಅಂಗೈಯಗಲದ ಕರಿ ಕಲೆ ಕಾಣಿಸುತ್ತದೆ. ಆಗ ಎರಡು ಥರದ ಮಾತು ಕೇಳಿಬರುತ್ತವೆ. ಒಂದು, ‘ಡೀಸಲ್ ಗಾಡಿ ಅಂದಮ್ಯಾಲ ಸೋರೂದ ರೀ, ಅದಕ್ಯಾಕ ತಲಿ ಕೆಡಿಸ್ಕೋತೀರಿ?’ ಇನ್ನೊಂದು, ‘ಮಿಸ್ತ್ರಿ, ಎಲ್ಲಾ ಪ್ಯಾಕಿಂಗು ಸೀಲು ಒಮ್ಮೆಲೆ ಬದ್ಲಿ ಮಾಡಿಬಿಡ್ರಿ, ರಗಳೆ ಬ್ಯಾಡ.’ ಮೊದಲನೆಯ ಮಾತನ್ನು ನಂಬಿದವರಲ್ಲಿ ಕೆಲವರು ಹೆದ್ದಾರಿಯ ಮಗ್ಗುಲಲ್ಲಿ ಸೀಜ್ ಆದ ಇಂಜಿನ್ ಇಟ್ಟುಕೊಂಡು ನಿಲ್ಲುತ್ತಾರೆ. ಎರಡನೆಯದನ್ನು ನಂಬಿದವರು ಹದಿನೈದಿಪ್ಪತ್ತು ಸಾವಿರ ಸುರಿದ ಮೇಲೂ ಅದೇ ಜಾಗದಲ್ಲಿ ಅದೇ ಕಲೆ ನೋಡುತ್ತಾರೆ. ಸೋರಿಕೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಎಲ್ಲಿಂದ ಹೊರಟಿತು, ಯಾಕೆ ಹೊರಟಿತು ಎನ್ನುವುದನ್ನು ಮೊದಲು ಹಿಡಿಯಬೇಕು. ಕೈಯಲ್ಲಿ ಪಾನಾ ಹಿಡಿಯುವುದು ಆಮೇಲಿನ ಕೆಲಸ. ಇದನ್ನು ಬರೆಯಲು ಕೂತದ್ದೇ ಆ ಕಾರಣಕ್ಕೆ. ಒಂದು ಗಾಡಿಯ ಮೇಲೆ ನಾಲ್ಕೈದು ಜನರ ಊಟ ನಿಂತಿರುವಾಗ ಊಹೆಯ ಮೇಲೆ ರಿಪೇರಿ ಮಾಡಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು, ಸೋರಿದ್ದು ಏನು?

ಗಾಡಿಯಿಂದ ಬೀಳುವುದೆಲ್ಲ ಇಂಜಿನ್ ಆಯಿಲ್ ಆಗಿರಬೇಕಿಲ್ಲ. ರಾತ್ರಿ ಗಾಡಿ ನಿಲ್ಲಿಸುವಾಗ ಕೆಳಗೆ ಒಂದು ರಟ್ಟು ಹಾಸಿದರೆ ಅರ್ಧ ಉತ್ತರ ಬೆಳಿಗ್ಗೆಯೇ ಸಿಗುತ್ತದೆ. ರಟ್ಟು ಸರಿಯಾಗಿ ಯಾವ ಭಾಗದ ಕೆಳಗಿತ್ತು ಎಂದು ಗುರುತು ಹಾಕಿಡಬೇಕು, ಅಷ್ಟೆ. ಕಪ್ಪಗೆ, ಬೆರಳಿಗೆ ನುಣುಪಾಗಿ ಹತ್ತುವುದು ಇಂಜಿನ್ ಆಯಿಲ್. ಗಟ್ಟಿಯಾಗಿ, ಮೂಗಿಗೆ ಗಂಧಕದ ಕಮಟು ಹೊಡೆಯುವುದು ಗೇರ್ ಬಾಕ್ಸಿನ ಅಥವಾ ಹಿಂದಿನ ಕ್ರೌನ್ ಹೌಸಿಂಗಿನ 90 ನಂಬರ್ ಆಯಿಲ್. ಕೆಂಪಗಿದ್ದರೆ ಬಹುಮಟ್ಟಿಗೆ ಪವರ್ ಸ್ಟೀರಿಂಗಿನದು. ಹಸಿರೋ ಗುಲಾಬಿಯೋ ಆಗಿ ಸಿಹಿ ವಾಸನೆ ಇದ್ದರೆ ರೇಡಿಯೇಟರಿನ ಕೂಲೆಂಟ್. ತೆಳ್ಳಗೆ, ತಿಳಿಯಾಗಿದ್ದು ನೀರು ಹಾಕಿ ತೊಳೆದರೆ ಹೋಗಿಬಿಡುವಂಥದು ಬ್ರೇಕ್ ಆಯಿಲ್ ಅಥವಾ ಕ್ಲಚ್ ಸಿಲಿಂಡರಿನದು. ಈ ಕೊನೆಯದನ್ನು ಕಂಡರೆ ಆ ದಿನ ಗಾಡಿ ಹೊರಡಿಸಬಾರದು. ಕೆಲವರು ಬ್ರೇಕ್ ಡಬ್ಬಿಯಲ್ಲಿ ಕಡಿಮೆಯಾಯಿತೆಂದು ಕೈಗೆ ಸಿಕ್ಕ ಇಂಜಿನ್ ಆಯಿಲನ್ನೇ ಹೊಯ್ಯುತ್ತಾರೆ. ಬ್ರೇಕಿನ ರಬ್ಬರು ಕಪ್ಪುಗಳು ಖನಿಜ ಎಣ್ಣೆ ತಾಗಿದರೆ ಉಬ್ಬಿ ಕೆಡುತ್ತವೆ, ಆಮೇಲೆ ಇಡೀ ಬ್ರೇಕ್ ಸಾಲನ್ನೇ ಬಿಚ್ಚಬೇಕಾಗುತ್ತದೆ.

ಡೀಸೆಲ್ ಇಂಜಿನ್ನಿನ ಆಯಿಲ್ ಹೊಸದಾಗಿ ಹಾಕಿದ ಕೆಲವೇ ದಿನಗಳಲ್ಲಿ ಮಸಿ ಬೆರೆತು ಕಪ್ಪಾಗುತ್ತದೆ. ಅದು ಕೆಟ್ಟಿದೆ ಎಂದಲ್ಲ, ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಭಯಪಡಬೇಕಾದ ಬದಲಾವಣೆಗಳು ಬೇರೆ. ಗೇಜ್ ಕಡ್ಡಿಯ ತುದಿಯಲ್ಲಿ ಆಯಿಲ್ ಬಿಳಿಚಿಕೊಂಡು ನೊರೆನೊರೆಯಾಗಿ ಕಂಡರೆ ನೀರು ಸೇರಿದೆ, ಹೆಡ್ ಪ್ಯಾಕಿಂಗ್ ಅಥವಾ ಆಯಿಲ್ ಕೂಲರ್ ಹೋಗಿರಬಹುದು. ಹಾಕದೇ ಇದ್ದರೂ ಆಯಿಲಿನ ಮಟ್ಟ ಏರುತ್ತ ಹೋಗಿ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಇಂಧನ ಒಳಗೆ ಇಳಿಯುತ್ತಿದೆ. ಬಿಎಸ್-6 ಬಂದ ಮೇಲೆ, ಅಂದರೆ 2020ರ ಏಪ್ರಿಲ್‌ನಿಂದೀಚೆಗೆ, ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಗಳಲ್ಲಿ ಇದು ಹೊಸ ಕಾರಣಕ್ಕೂ ಆಗುತ್ತದೆ. ಫಿಲ್ಟರಿನೊಳಗಿನ ಮಸಿಯನ್ನು ಸುಡಲು ಇಂಜಿನ್ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಹೊಲ, ಮನೆ, ಅಂಗಡಿ ಎಂದು ಸಣ್ಣ ಸಣ್ಣ ದೂರ ಓಡಿ ನಿಲ್ಲುವ ಗಾಡಿಯಲ್ಲಿ ಆ ಸುಡುವ ಕೆಲಸ ಅರ್ಧಕ್ಕೇ ನಿಂತು, ಉಳಿದ ಡೀಸೆಲ್ ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿಗೆ ಇಳಿಯುತ್ತದೆ. ಆಯಿಲ್ ಕಡಿಮೆಯಾಗಿಲ್ಲವೆಂದು ಮಾಲಕ ನಿಶ್ಚಿಂತನಾಗಿರುತ್ತಾನೆ, ಒಳಗೆ ಬೇರಿಂಗುಗಳಿಗೆ ಸಿಗುತ್ತಿರುವುದು ತೆಳ್ಳಗಾದ ಆಯಿಲ್.

ಕಡ್ಡಿ ನೋಡುವುದಕ್ಕೂ ಒಂದು ಕ್ರಮವಿದೆ. ಸಪಾಟಾದ ನೆಲ, ಇಂಜಿನ್ ಬಂದ್ ಮಾಡಿ ಹತ್ತು ನಿಮಿಷ, ಒಮ್ಮೆ ಒರೆಸಿ ಮತ್ತೆ ಅದ್ದಿ ತೆಗೆಯುವುದು. ಮಟ್ಟ ಮೇಲಿನ ಗೆರೆ ದಾಟಬಾರದು. ‘ಸೋರ್ತೈತಿ, ಒಂದರ್ಧ ಲೀಟರ್ ಜಾಸ್ತೀನ ಇರಲಿ’ ಎಂದು ತುಂಬಿಸಿದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ, ಒತ್ತಡ ಏರಿ ಇದ್ದ ಸೋರಿಕೆ ಇನ್ನಷ್ಟಾಗುತ್ತದೆ.

ತೊಳೆದು ನೋಡಿದರೆ ಕಾಣುತ್ತದೆ

ಹಂಚಿನ ಮನೆಯಲ್ಲಿ ಮಳೆನೀರು ಪಡಸಾಲೆಯ ನಡುವೆ ಬೀಳುತ್ತಿದ್ದರೆ ಒಡೆದ ಹಂಚು ಅದರ ನೆತ್ತಿಯ ಮೇಲೇ ಇರುವುದಿಲ್ಲ. ಎಲ್ಲೋ ಮೇಲೆ ಒಳಗಿಳಿದ ನೀರು ರೀಪು ಹಿಡಿದು ಹರಿದುಬಂದು ತನಗೆ ಸಿಕ್ಕ ಮೊದಲ ತುದಿಯಲ್ಲಿ ತೊಟ್ಟಿಕ್ಕುತ್ತದೆ. ಇಂಜಿನ್ನಿನಲ್ಲೂ ಆಗುವುದು ಇದೇ. ಮೇಲಿನ ಟ್ಯಾಪೆಟ್ ಕವರಿನಿಂದ ಹೊರಟ ಆಯಿಲ್ ಬ್ಲಾಕಿನ ಹಿಂಬದಿಗೆ ಇಳಿದು, ಬೆಲ್ ಹೌಸಿಂಗಿನ ಸಂದಿಯಲ್ಲಿ ಕೂತು, ಅಲ್ಲಿಂದ ತೊಟ್ಟಿಕ್ಕುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ಅದು ಕ್ರ್ಯಾಂಕಿನ ಹಿಂದಿನ ಸೀಲಿನ ಸೋರಿಕೆಯಂತೆಯೇ ಕಾಣುತ್ತದೆ. ಒಂದಕ್ಕೆ ಕೆಲವು ನೂರು ರೂಪಾಯಿಯ ಪ್ಯಾಕಿಂಗು, ಅರ್ಧ ತಾಸಿನ ಕೆಲಸ. ಇನ್ನೊಂದಕ್ಕೆ ಗೇರ್ ಬಾಕ್ಸ್ ಇಳಿಸಬೇಕು. ಗಾಡಿ ಓಡುವಾಗ ಎದುರಿನ ಗಾಳಿಯೂ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಹನಿ ಬೀಳುವ ಜಾಗವನ್ನು ಬಿಟ್ಟು, ಒದ್ದೆಯಾಗಿರುವ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಎಂದು ಹುಡುಕಬೇಕು.

ಹುಡುಕಲು ಇಂಜಿನ್ ಸ್ವಚ್ಛವಾಗಿರಬೇಕು. ನಮ್ಮ ಸೀಮೆಯ ಗಾಡಿಗಳಲ್ಲಿ ಇದೇ ದೊಡ್ಡ ತೊಡಕು. ಕೆಮ್ಮಣ್ಣಿನ ಧೂಳು, ಎರೆಮಣ್ಣಿನ ಕೆಸರು, ಜೋಳದ ರವದಿ ಎಲ್ಲವೂ ಜಿಡ್ಡಿಗೆ ಅಂಟಿ ಬೆರಳು ದಪ್ಪದ ಹೊಪ್ಪಳೆ ಕಟ್ಟಿರುತ್ತದೆ. ಹತ್ತು ವರ್ಷದ ಹಳೆಯ ಸೋರಿಕೆಯೂ ನಿನ್ನೆಯ ಸೋರಿಕೆಯೂ ಅದರಡಿಯಲ್ಲಿ ಒಂದೇ ಬಣ್ಣ. ತಣ್ಣಗಿರುವ ಇಂಜಿನ್ನಿಗೆ ಡೀಸೆಲ್ ಅಥವಾ ಸೀಮೆಎಣ್ಣೆ ಹಚ್ಚಿ, ಬ್ರಷ್‌ನಲ್ಲಿ ಉಜ್ಜಿ, ಕೆರೆದು, ನೀರು ಬಿಟ್ಟು ತೊಳೆಯಬೇಕು. ಆಲ್ಟರ್ನೇಟರ್, ವೈರಿಂಗ್ ಸಾಕೆಟ್, ಏರ್ ಫಿಲ್ಟರಿನ ಬಾಯಿಗೆ ಪ್ಲಾಸ್ಟಿಕ್ ಕಟ್ಟಿರಬೇಕು. ಪೂರ್ತಿ ಒಣಗಿದ ಮೇಲೆ ಅನುಮಾನವಿರುವ ಜಾಗಗಳಿಗೆ ಮೈಗೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ಇಂಜಿನ್ ಬಿಸಿಯಾಗುವವರೆಗೆ ನಿಂತಲ್ಲೇ ಓಡಿಸಿ, ಆಮೇಲೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಹೇರು ಹಾಕಿ ಓಡಿಸಿ ಬಂದು ಟಾರ್ಚ್ ಹಿಡಿದು ನೋಡಬೇಕು. ಬಿಳಿ ಪುಡಿಯ ಮೇಲೆ ಆಯಿಲ್ ಮೊದಲು ಮೂಡಿದ ಗೆರೆ ಎದ್ದು ಕಾಣುತ್ತದೆ. ದೊಡ್ಡ ವರ್ಕ್‌ಶಾಪುಗಳಲ್ಲಿ ಆಯಿಲಿಗೆ ಹೊಳೆಯುವ ಬಣ್ಣ ಬೆರೆಸಿ ನೇರಳಾತೀತ ಬೆಳಕಿನ ಟಾರ್ಚಿನಲ್ಲಿ ಹುಡುಕುತ್ತಾರೆ. ಪೌಡರು ಅದರಷ್ಟು ಚುರುಕಲ್ಲದಿದ್ದರೂ ಹಳ್ಳಿಯ ಗ್ಯಾರೇಜಿಗೆ ಸಾಕು.

ಹುಡುಕುವ ಹಾದಿಯೂ ಮೇಲಿನಿಂದಲೇ ಹೊರಡಬೇಕು. ಆಯಿಲ್ ಹಾಕುವ ಮುಚ್ಚಳದ ರಬ್ಬರು, ಟ್ಯಾಪೆಟ್ ಕವರಿನ ಪ್ಯಾಕಿಂಗು, ಆಯಿಲ್ ಪ್ರೆಶರ್ ಸ್ವಿಚ್ಚು, ಫಿಲ್ಟರಿನ ರಬ್ಬರು ರಿಂಗು, ಟರ್ಬೊಗೆ ಹೋಗುವ ಬರುವ ಪೈಪುಗಳು, ಕೊನೆಗೆ ಚೇಂಬರಿನ ಪ್ಯಾಕಿಂಗು ಮತ್ತು ಡ್ರೈನ್ ಬೋಲ್ಟಿನ ತಾಮ್ರದ ವಾಶರು. ಆಯಿಲ್ ಬದಲಿಸಿದ ಮರುದಿನವೇ ಸೋರಿಕೆ ಶುರುವಾಗಿದ್ದರೆ ಬೇರೆಲ್ಲೂ ಹುಡುಕದೆ ಫಿಲ್ಟರು ಮತ್ತು ಡ್ರೈನ್ ಬೋಲ್ಟನ್ನು ನೋಡಿ. ಹಳೆಯ ಫಿಲ್ಟರಿನ ರಬ್ಬರು ರಿಂಗು ಬ್ಲಾಕಿಗೇ ಅಂಟಿ ಉಳಿದು, ಅದರ ಮೇಲೆ ಹೊಸ ಫಿಲ್ಟರ್ ಕೂತಿದ್ದರೆ ದಾರಿಯಲ್ಲಿ ಆಯಿಲ್ ಒಮ್ಮೆಗೇ ಖಾಲಿಯಾಗಬಹುದು.

ಬೊಲೆರೊದಂಥ ಎಷ್ಟೋ ಡೀಸೆಲ್ ಗಾಡಿಗಳಲ್ಲಿ ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇರುತ್ತದೆ, ಇಂಜಿನ್ ಆಯಿಲ್ ಒಂದು ಸಣ್ಣ ಪೈಪಿನಲ್ಲಿ ಅದಕ್ಕೆ ಹೋಗುತ್ತದೆ. ಅಲ್ಲಿಯ ಸೀಲು ಹರಿದರೆ ಆಯಿಲ್ ಆಲ್ಟರ್ನೇಟರಿನೊಳಗೆ ಇಳಿದು ಕಾರ್ಬನ್ ಬ್ರಷ್‌ಗಳನ್ನು ಹಾಳು ಮಾಡುತ್ತದೆ. ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೆಂದು ಮಾಲಕ ಎಲೆಕ್ಟ್ರಿಷಿಯನ್ ಬಳಿ ಹೋಗುತ್ತಾನೆ, ಆಲ್ಟರ್ನೇಟರ್ ರಿಪೇರಿ ಮಾಡಿಸುತ್ತಾನೆ, ತಿಂಗಳಾಗುವಷ್ಟರಲ್ಲಿ ಅದು ಮತ್ತೆ ಕೆಡುತ್ತದೆ. ರೋಗ ಆಯಿಲ್ ಸೀಲಿನಲ್ಲಿತ್ತು.

ಇಂಜಿನ್ನಿಗೂ ಉಸಿರಾಡಲು ದಾರಿ ಬೇಕು

ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ತಿರುಳು ಇಲ್ಲಿದೆ. ಒಂದು ಸೀಲು ಸೋರಿದರೆ ಆ ಸೀಲು ಹಳತಾಗಿದೆ ಎನ್ನಬಹುದು. ಟ್ಯಾಪೆಟ್ ಕವರು, ಮುಂದಿನ ಸೀಲು, ಹಿಂದಿನ ಸೀಲು, ಗೇಜ್ ಕಡ್ಡಿಯ ಬಾಯಿ, ಎಲ್ಲ ಒಟ್ಟಿಗೆ ಒದ್ದೆಯಾಗುತ್ತಿದ್ದರೆ ತಪ್ಪು ಸೀಲುಗಳದ್ದಲ್ಲ. ಒಳಗೆ ಒತ್ತಡ ಕಟ್ಟಿಕೊಂಡು ಆಯಿಲನ್ನು ಸಿಕ್ಕ ಸಂದಿಯಿಂದ ಹೊರಗೆ ದಬ್ಬುತ್ತಿದೆ.

ಡೀಸೆಲ್ ಇಂಜಿನ್ ಗಾಳಿಯನ್ನು ಪೆಟ್ರೋಲ್ ಇಂಜಿನ್ನಿಗಿಂತ ಬಹಳ ಹೆಚ್ಚು ಒತ್ತುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಡೀಸೆಲ್ ಸಿಲಿಂಡರಿನಲ್ಲಿ ಕಂಪ್ರೆಶನ್ ಸಾಮಾನ್ಯವಾಗಿ 25ರಿಂದ 30 ಬಾರ್ ಇರುತ್ತದೆ. ಪಿಸ್ಟನ್ ರಿಂಗುಗಳು ಎಷ್ಟು ಬಿಗಿಯಾಗಿದ್ದರೂ ಸ್ವಲ್ಪ ಅನಿಲ ಕೆಳಗಿನ ಚೇಂಬರಿಗೆ ನುಸುಳುತ್ತದೆ. ಅದು ಹೊರಗೆ ಹೋಗಲೆಂದೇ ಬ್ರೀದರ್ ಎಂಬ ಕೊಳವೆಯನ್ನು ಇಟ್ಟಿರುತ್ತಾರೆ. ರಿಂಗು, ಬೋರು ಸವೆದರೆ ನುಸುಳುವ ಅನಿಲ ಹೆಚ್ಚುತ್ತದೆ. ಇದನ್ನೇ ನಮ್ಮ ಮಿಸ್ತ್ರಿಗಳು ‘ಬ್ಯಾಕ್ ಕಂಪ್ರೆಶನ್’ ಎನ್ನುವುದು. ಬ್ರೀದರ್ ಕೊಳವೆ ಮಸಿ, ಜಿಡ್ಡು ಕಟ್ಟಿ ಮುಚ್ಚಿಹೋದರೆ ರಿಂಗು ಚೆನ್ನಾಗಿದ್ದರೂ ಅದೇ ಪರಿಣಾಮ.

ಪರೀಕ್ಷೆ ಸುಲಭ. ಬಿಸಿಯಾದ ಇಂಜಿನ್ ನಿಂತಲ್ಲೇ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಬಾಯಿಯ ಮೇಲೆ ತಲೆಕೆಳಗಾಗಿ ಇಡಬೇಕು. ಸಣ್ಣಗೆ ಕುಣಿದರೆ ಸರಿ. ಮುಚ್ಚಳ ಹಾರಿಬಿದ್ದು ಬುಸುಬುಸು ಹೊಗೆ ಬಂದರೆ ಒತ್ತಡವಿದೆ. ಈಗ ಬ್ರೀದರ್ ಕೊಳವೆಯನ್ನು ಬಿಚ್ಚಿ, ಡೀಸೆಲ್‌ನಲ್ಲಿ ತೊಳೆದು, ಊದಿ ನೋಡಿ ಮತ್ತೆ ಜೋಡಿಸಿ ಅದೇ ಪರೀಕ್ಷೆ ಮಾಡಬೇಕು. ಹೊಗೆ ತಗ್ಗಿದರೆ ಖರ್ಚಿಲ್ಲದೆ ರೋಗ ಸಿಕ್ಕಿತು. ತಗ್ಗದಿದ್ದರೆ ಕಂಪ್ರೆಶನ್ ಗೇಜ್ ಹಾಕಿಸಿ ಪ್ರತಿ ಸಿಲಿಂಡರಿನ ಅಂಕಿ ಬರೆದುಕೊಳ್ಳಬೇಕು. ಟರ್ಬೊ ಇರುವ ಗಾಡಿಯಲ್ಲಿ ಟರ್ಬೊದ ಸೀಲು ಹೋದರೂ ಚೇಂಬರಿನಲ್ಲಿ ಒತ್ತಡ ಏರಬಹುದು, ವ್ಯಾಕ್ಯೂಮ್ ಪಂಪು ಕೆಟ್ಟರೂ ಏರಬಹುದು. ಇವನ್ನೆಲ್ಲ ನೋಡಿದ ಮೇಲೆ ಮಾತ್ರ ‘ಬೋರ್ ಕೆಲಸ’ ಎಂಬ ದೊಡ್ಡ ಮಾತು ಆಡಬೇಕು. ಮುಚ್ಚಳ ಬಿಚ್ಚಿದೊಡನೆ ಹೊಗೆ ಕಂಡು ಇಂಜಿನ್ ಇಳಿಸಲು ಹೇಳುವವರ ಮಾತಿಗೆ ಆ ಹೊತ್ತೇ ಒಪ್ಪಬೇಡಿ. ಈ ಪರೀಕ್ಷೆಗಳನ್ನು ಮಾಡಿ ಎಂದು ಧೈರ್ಯವಾಗಿ ಕೇಳಿ. ಕೇಳಿದರೆ ಒಳ್ಳೆಯ ಮಿಸ್ತ್ರಿಗೆ ಬೇಸರವಾಗುವುದಿಲ್ಲ.

ಹಿಂದಿನ ಆಕ್ಸಲ್ಲಿಗೂ ಇಂಥದೇ ಒಂದು ಬ್ರೀದರ್ ಇದೆ ಎನ್ನುವುದು ಎಷ್ಟೋ ಮಾಲಕರಿಗೆ ಗೊತ್ತಿಲ್ಲ. ಕ್ರೌನ್ ಹೌಸಿಂಗಿನ ಮೇಲೆ ಬೆರಳ ತುದಿಯಷ್ಟು ದೊಡ್ಡ ಟೊಪ್ಪಿಗೆ. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಓಡಾಡಿದ ಗಾಡಿಯಲ್ಲಿ ಅದರ ಮೇಲೆ ಕೆಸರು ಮೆತ್ತಿ ಒಣಗಿ ಕಲ್ಲಾಗುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿದಾಗ ಹೋಗಲು ದಾರಿಯಿಲ್ಲದೆ ಗೇರ್ ಆಯಿಲನ್ನು ಚಕ್ರದ ಕಡೆಯ ಸೀಲಿನಿಂದ ಹೊರದಬ್ಬುತ್ತದೆ. ಸೀಲು ಬದಲಿಸುತ್ತಾರೆ, ಮತ್ತೆ ಸೋರುತ್ತದೆ. ಒಂದು ತಂತಿಯಲ್ಲಿ ಆ ಟೊಪ್ಪಿಗೆಯನ್ನು ಬಿಡಿಸಿದ್ದರೆ ಮುಗಿಯುತ್ತಿತ್ತು.

ರಸ್ತೆಯ ಮೇಲಿನ ಒಕ್ಕಣೆಯೂ ಇಲ್ಲಿ ಬಂದು ಸೇರುತ್ತದೆ. ಹುರುಳಿ, ರಾಗಿ, ಜೋಳದ ಹುಲ್ಲು ಹರವಿದ ರಸ್ತೆಯ ಮೇಲೆ ಓಡಿದ ಗಾಡಿಯ ಪ್ರೊಪೆಲರ್ ಶಾಫ್ಟಿಗೆ ಹುಲ್ಲು ಸುತ್ತಿಕೊಳ್ಳುತ್ತದೆ. ಅದು ಸುತ್ತಿ ಸುತ್ತಿ ಬಿಗಿಯಾಗಿ ಕ್ರೌನಿನ ಮುಂದಿನ ಸೀಲಿನ ತುಟಿಯೊಳಗೆ ನುಗ್ಗಿ ಅದನ್ನು ಹರಿಯುತ್ತದೆ. ಚೀಲ ಹೊಲಿಯುವ ದಾರ, ನೈಲಾನ್ ಹಗ್ಗದ ಎಳೆ ಇನ್ನೂ ಕೆಟ್ಟವು. ಆಯಿಲಿನಿಂದ ತೊಯ್ದ ಒಣಹುಲ್ಲು ಸೈಲೆನ್ಸರ್ ಪೈಪಿಗೆ ತಾಗಿದರೆ ಬೆಂಕಿ. ಸುಗ್ಗಿಯ ದಿನಗಳಲ್ಲಿ ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಒಮ್ಮೆ ಕೆಳಗೆ ಬಗ್ಗಿ ನೋಡಿ ಹುಲ್ಲು ಕಿತ್ತುಹಾಕುವುದು ಐದು ನಿಮಿಷದ ಕೆಲಸ, ಅದನ್ನು ತಪ್ಪಿಸಬೇಡಿ.

ಇಂದೇ, ಸುಗ್ಗಿ ಮುಗಿದ ಮೇಲೆ, ಅಥವಾ ಬೇಡವೇ ಬೇಡ

ಮೂಲ ಸಿಕ್ಕಿತೆನ್ನಿ. ಈಗ ತೀರ್ಮಾನ. ಮಿನಿಟಿಗೊಂದು ಹನಿ ಎಂದು ಲೆಕ್ಕ ಹಿಡಿಯೋಣ. ಇಪ್ಪತ್ತು ಹನಿಗೆ ಸುಮಾರು ಒಂದು ಮಿಲಿಲೀಟರ್. ದಿನಕ್ಕೆ 1440 ಹನಿ, ಅಂದರೆ 72 ಮಿಲಿಲೀಟರ್. ತಿಂಗಳಿಗೆ ಎರಡು ಲೀಟರಿಗೂ ಹೆಚ್ಚು. ಚೇಂಬರು ಹಿಡಿಯುವುದೇ ಐದಾರು ಲೀಟರ್ ಇರುವ ಗಾಡಿಯಲ್ಲಿ ಅದು ಸಣ್ಣ ಮಾತಲ್ಲ. ನಿಂತಾಗ ಹನಿಯುವುದಕ್ಕಿಂತ ಓಡುವಾಗ, ಪಂಪಿನ ಒತ್ತಡವಿದ್ದಾಗ ಹೋಗುವುದು ಹೆಚ್ಚು, ಅದು ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನೆಲದ ಕಲೆ ನೋಡಿ ತೀರ್ಮಾನಿಸುವುದು ತಪ್ಪು. ಒಂದು ಸಣ್ಣ ವಹಿಯಲ್ಲಿ ಮೀಟರ್ ಓದು, ಕಡ್ಡಿಯ ಮಟ್ಟ, ಎಷ್ಟು ಆಯಿಲ್ ಹಾಕಿದೆವು ಎಂದು ಬರೆದಿಟ್ಟರೆ ತಿಂಗಳೊಳಗೆ ಗಾಡಿಯೇ ಹೇಳುತ್ತದೆ. ಕಲೆ ಇಲ್ಲದೆಯೂ ಆಯಿಲ್ ಇಳಿಯುತ್ತಿದ್ದು, ಏರು ಹತ್ತುವಾಗ ನೀಲಿ ಹೊಗೆ ಬಂದರೆ ಆಯಿಲ್ ಒಳಗೇ ಉರಿಯುತ್ತಿದೆ, ಪ್ಯಾಕಿಂಗ್ ಬದಲಿಸಿ ಫಲವಿಲ್ಲ. ಕಪ್ಪು ಹೊಗೆ ಬೇರೆ, ಅದು ಗಾಳಿ ಸಾಲದ್ದು ಅಥವಾ ಡೀಸೆಲ್ ಹೆಚ್ಚಾದದ್ದು.

ಕೆಲವಕ್ಕೆ ಒಂದು ದಿನವೂ ಕಾಯುವಂತಿಲ್ಲ. ಚಕ್ರದ ಕಡೆಯ ಆಕ್ಸಲ್ ಸೀಲು ಸೋರಿ ಬ್ರೇಕ್ ಡ್ರಮ್ಮಿನೊಳಗೆ ಆಯಿಲ್ ಇಳಿದಿದ್ದರೆ ಆ ಚಕ್ರದಲ್ಲಿ ಬ್ರೇಕು ಇದ್ದೂ ಇಲ್ಲದಂತೆ. ಟೈರಿನ ಒಳಮೈಯಲ್ಲಿ ಆಯಿಲಿನ ಗೆರೆ ಕಂಡರೆ ಅದೇ ಗುರುತು. ಮೆಕ್ಕೆಜೋಳದ ಚೀಲ ಹೇರಿಕೊಂಡ ಗಾಡಿ ಇಳಿಜಾರಿನಲ್ಲಿ ಒಂದೇ ಕಡೆ ಎಳೆದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಸೀಲು ಮಾತ್ರ ಬದಲಿಸಿ, ಆಯಿಲ್ ಕುಡಿದ ಬ್ರೇಕ್ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವುದು ಅಪಾಯಕಾರಿ ಉಳಿತಾಯ, ಲೈನರೂ ಹೊಸದೇ ಬೇಕು. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಬೀಳುವ ಸೋರಿಕೆಯೂ ಇದೇ ಸಾಲಿನದು. ಆಯಿಲ್ ಪ್ರೆಶರ್ ದೀಪ ಉರಿದರೆ ಮುಂದಿನ ಊರಿನವರೆಗೂ ಹೋಗುವಂತಿಲ್ಲ, ಅಲ್ಲೇ ಬಂದ್ ಮಾಡಬೇಕು. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ನಿನಲ್ಲಿ ಮುಂದಿನ ಸೀಲು ಸೋರಿ ಬೆಲ್ಟು ತೊಯ್ದಿದ್ದರೆ ಬೆಲ್ಟು ಮೆತ್ತಗಾಗಿ ಹರಿಯುತ್ತದೆ, ವಾಲ್ವುಗಳು ಪಿಸ್ಟನ್ನಿಗೆ ಬಡಿಯುತ್ತವೆ, ಹೆಡ್ ಬಿಚ್ಚುವ ಕೆಲಸ ಬೀಳುತ್ತದೆ.

ಟರ್ಬೊದ ಮಾತು ಪ್ರತ್ಯೇಕವಾಗಿ ಹೇಳಬೇಕು. ಟರ್ಬೊದ ಸೀಲು ಹೋಗಿ ಆಯಿಲ್ ಗಾಳಿಯ ಪೈಪಿನೊಳಗೆ ಸೇರತೊಡಗಿದರೆ ಡೀಸೆಲ್ ಇಂಜಿನ್ ತನ್ನದೇ ಆಯಿಲನ್ನು ಇಂಧನವಾಗಿ ಉರಿಸಿಕೊಂಡು ಓಡಬಲ್ಲದು. ಆಗ ಆಕ್ಸಿಲರೇಟರ್ ಬಿಟ್ಟರೂ ವೇಗ ಏರುತ್ತದೆ, ಚಾವಿ ತಿರುಗಿಸಿದರೂ ನಿಲ್ಲುವುದಿಲ್ಲ, ದಟ್ಟ ಹೊಗೆ ಕವಿಯುತ್ತದೆ. ಹ್ಯಾಂಡ್ ಗೇರ್ ಬಾಕ್ಸ್ ಇರುವ ಗಾಡಿಯಲ್ಲಿ ದಾರಿ ಒಂದೇ: ಬ್ರೇಕ್ ಬಲವಾಗಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ ಬಿಟ್ಟು ಇಂಜಿನ್ನನ್ನು ಉಸಿರುಗಟ್ಟಿಸುವುದು. ಎದುರಿಗೆ ಜನ ನಿಂತಿರಬಾರದು. ಬಾನೆಟ್ ತೆರೆದು ಕೈಯಿಂದ ಗಾಳಿಯ ಬಾಯಿ ಮುಚ್ಚಲು ಹೋಗಬಾರದು. ಇಂಥದು ಅಪರೂಪ, ಮುನ್ಸೂಚನೆಯೂ ಇರುತ್ತದೆ. ಇಂಟರ್‌ಕೂಲರಿನ ರಬ್ಬರು ಪೈಪು ಬಿಚ್ಚಿದಾಗ ಒಳಗೆ ತೆಳುವಾದ ಜಿಡ್ಡು ಇರುವುದು ಸಹಜ, ಆಯಿಲ್ ಮಡುಗಟ್ಟಿ ನಿಂತಿದ್ದರೆ ಟರ್ಬೊ ಬಿಚ್ಚಿಸಬೇಕು.

ಇನ್ನು ಕಾಯಬಹುದಾದವು. ಚೇಂಬರಿನ ಅಂಚಿನಲ್ಲಿ ಜಿನುಗು, ಟ್ಯಾಪೆಟ್ ಕವರಿನ ಸುತ್ತ ಒದ್ದೆ, ಹನಿಗಟ್ಟದ ಜಿಡ್ಡು. ಇವನ್ನು ಒರೆಸಿ, ವಹಿಯಲ್ಲಿ ಬರೆದು, ವಾರಕ್ಕೊಮ್ಮೆ ಕಡ್ಡಿ ನೋಡುತ್ತ ಸುಗ್ಗಿ ಮುಗಿಸಬಹುದು. ಟ್ಯಾಪೆಟ್ ಕವರಿನ ಬೋಲ್ಟನ್ನು ‘ಇನ್ನೊಂದು ಸುತ್ತು ಬಿಗಿ ಮಾಡೋಣ’ ಎಂದು ತಿರುಗಿಸುವುದು ಮಾತ್ರ ಬೇಡ. ಕವರು ಬಾಗಿ, ಪ್ಯಾಕಿಂಗು ಹಿಂಡಿಹೋಗಿ ಸೋರಿಕೆ ದೊಡ್ಡದಾಗುತ್ತದೆ.

ಕ್ರ್ಯಾಂಕಿನ ಹಿಂದಿನ ಸೀಲು ಇವೆರಡರ ನಡುವೆ ಬರುತ್ತದೆ, ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಡುವುದೂ ಅದೇ. ಸೀಲಿನ ಬೆಲೆ ಕೆಲವು ನೂರು ರೂಪಾಯಿ. ಅದನ್ನು ತಲುಪಲು ಪ್ರೊಪೆಲರ್ ಶಾಫ್ಟ್ ಬಿಚ್ಚಿ, ಗೇರ್ ಬಾಕ್ಸ್ ಇಳಿಸಿ, ಕ್ಲಚ್, ಫ್ಲೈವೀಲ್ ತೆಗೆಯಬೇಕು. ಮಜೂರಿಯೂ ಹೋಗುತ್ತದೆ, ಒಂದೆರಡು ದಿನದ ಬಾಡಿಗೆಯೂ ಹೋಗುತ್ತದೆ. ನವೆಂಬರಿನಲ್ಲಿ ಆ ಎರಡು ದಿನಕ್ಕಿರುವ ಬೆಲೆ ಮೇ ತಿಂಗಳಿನಲ್ಲಿ ಇರುವುದಿಲ್ಲ. ಆದ್ದರಿಂದ ಕ್ಲಚ್ಚನ್ನು ಕೇಳಬೇಕು. ಹೇರು ಹಾಕಿ ಏರಿನಲ್ಲಿ ಹೋಗುವಾಗ ಇಂಜಿನ್ ಕೂಗಿದಷ್ಟು ಗಾಡಿ ಎಳೆಯದಿದ್ದರೆ, ಸುಟ್ಟ ವಾಸನೆ ಬಂದರೆ, ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿದೆ, ಈಗಲೇ ಇಳಿಸಿ. ಕ್ಲಚ್ ಒಣಗಿದ್ದು ತಿಂಗಳಿಗೆ ಅರ್ಧ ಲೀಟರ್ ಮಾತ್ರ ಹೋಗುತ್ತಿದ್ದರೆ ಆಯಿಲ್ ಹಾಕುತ್ತ ಸುಗ್ಗಿ ದಾಟಿಸಿ. ಇಳಿಸಿದ ದಿನ ಮಾತ್ರ ಅರೆಬರೆ ಕೆಲಸ ಬೇಡ. ಕ್ಲಚ್ ಪ್ಲೇಟ್ ಅರ್ಧ ಸವೆದಿದ್ದರೂ ಬದಲಿಸಿ, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು, ಗೇರ್ ಬಾಕ್ಸಿನ ಮುಂದಿನ ಸೀಲು ಎಲ್ಲವನ್ನೂ ನೋಡಿಸಿ. ಆರು ತಿಂಗಳಾದ ಮೇಲೆ ಒಂದು ಬೇರಿಂಗಿಗಾಗಿ ಮತ್ತೆ ಅದೇ ಮಜೂರಿ ಕೊಡುವುದು ಮನೆ ಮುರಿಯುವ ಲೆಕ್ಕ. ಸೀಲಿನ ತುಟಿ ಕೂರುವ ಜಾಗದಲ್ಲಿ ಕ್ರ್ಯಾಂಕಿನ ಮೇಲೆ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದೆಯೇ ಎಂದು ನೋಡಿಸುವುದನ್ನು ಮರೆಯಬಾರದು. ಗೀರಿನ ಮೇಲೆ ಹೊಸ ಸೀಲು ಕೂತರೂ ಸೋರುತ್ತದೆ. ಸೀಲನ್ನು ಒಂದೆರಡು ಮಿಲಿಮೀಟರ್ ಒಳಗೋ ಹೊರಗೋ ಕೂರಿಸಬಹುದು, ಅಥವಾ ಆ ಜಾಗಕ್ಕೆ ತೆಳ್ಳನೆಯ ಉಕ್ಕಿನ ತೋಳು ಏರಿಸಬಹುದು.

ಸೀಲಿನ ಕಥೆಯನ್ನೂ ಒಂದಿಷ್ಟು ಹೇಳಲೇಬೇಕು. ತಿರುಗುವ ಶಾಫ್ಟಿನ ಸುತ್ತ ಆಯಿಲ್ ತಡೆಯಲು ಮೊದಲು ಬಳಸುತ್ತಿದ್ದುದು ಹಗ್ಗ, ಉಣ್ಣೆ, ತೊಗಲು. ಜರ್ಮನಿಯ ಫ್ರಾಯ್ಡೆನ್‌ಬರ್ಗ್ ಎಂಬ ತೊಗಲು ಹದಮಾಡುವ ಸಂಸ್ಥೆ 1930ರ ಆಸುಪಾಸಿನಲ್ಲಿ ತೊಗಲಿನ ಸೀಲುಗಳಿಂದ ಶುರುಮಾಡಿ, ಲೋಹದ ಕವಚ ಮತ್ತು ಸ್ಪ್ರಿಂಗ್ ಇರುವ ಇಂದಿನ ಸೀಲಿನ ರೂಪವನ್ನು ಜಗತ್ತಿಗೆ ಕೊಟ್ಟಿತು. ಆಮೇಲೆ ತೊಗಲಿನ ಜಾಗಕ್ಕೆ ಕೃತಕ ರಬ್ಬರು ಬಂತು. ಸಾಧಾರಣ ನೈಟ್ರೈಲ್ ರಬ್ಬರು ಸುಮಾರು 100 ಡಿಗ್ರಿ ಸೆಲ್ಸಿಯಸ್ ಶಾಖ ತಾಳುತ್ತದೆ, ವೈಟಾನ್ ಜಾತಿಯದು 200ರವರೆಗೂ. ಹೊರಗಿನಿಂದ ಎರಡೂ ಒಂದೇ ಥರ. ಬಿಸಿ ಹೆಚ್ಚಿರುವ ಜಾಗಕ್ಕೆ ಕಂಪನಿ ವೈಟಾನ್ ಹಾಕಿದ್ದರೆ, ಅದೇ ಅಳತೆಯ ಅಗ್ಗದ ನೈಟ್ರೈಲ್ ಸೀಲು ಹಾಕಿದಾಗ ಅದು ಕೆಲವೇ ತಿಂಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಸೀಲಿನಲ್ಲಿ ನೂರು ರೂಪಾಯಿ ಉಳಿಸಿ ಗೇರ್ ಬಾಕ್ಸನ್ನು ಎರಡು ಸಲ ಇಳಿಸಿದವರು ನಮ್ಮ ಸೀಮೆಯಲ್ಲಿ ಬೇಕಾದಷ್ಟಿದ್ದಾರೆ.

ಪೇಸ್ಟಿನ ಬಳಕೆಯೂ ಅತಿಯಾಗಿದೆ. ಗ್ಯಾಸ್ಕೆಟ್ ಪೇಸ್ಟು ತೆಳ್ಳಗೆ, ಹೇಳಿದ ಜಾಗಕ್ಕೆ ಮಾತ್ರ. ಟ್ಯೂಬು ಹಿಂಡಿ ಮೆತ್ತಿದರೆ ಒಳಬದಿಗೆ ಉಬ್ಬಿದ ಎಳೆಗಳು ಕಿತ್ತು ಬಿದ್ದು ಆಯಿಲ್ ಪಂಪಿನ ಜಾಳಿಗೆಗೆ ಅಂಟುತ್ತವೆ. ಹೊರಗೆ ಒಂದು ಹನಿಯೂ ಬೀಳುವುದಿಲ್ಲ, ಒಳಗೆ ಆಯಿಲ್ ಸಿಗದೆ ಬೇರಿಂಗು ಸುಡುತ್ತದೆ. ಸೋರಿಕೆ ನಿಲ್ಲಿಸುವ ಡಬ್ಬಿಗಳು ಗಟ್ಟಿಯಾದ ರಬ್ಬರನ್ನು ಕೆಲಕಾಲ ಉಬ್ಬಿಸುತ್ತವೆ, ಹರಿದ ಸೀಲಿಗೆ ಅವು ಏನೂ ಮಾಡಲಾರವು. ಚೇಂಬರಿಗೆ ಕಲ್ಲು ಬಡಿದು ತೂತಾದರೆ ಎಂ-ಸೀಲ್ ಮೆತ್ತಿ ಊರು ಮುಟ್ಟಬಹುದು, ಅದೇ ಶಾಶ್ವತವಾಗಬಾರದು. ಕಂಪನಿ 15ಡಬ್ಲ್ಯೂ-40 ಹೇಳಿದ ಇಂಜಿನ್ನಿಗೆ ಸೋರಿಕೆ ತಗ್ಗಲೆಂದು ಗಟ್ಟಿ ಆಯಿಲ್ ಹಾಕುವುದು ಚಳಿಯ ಬೆಳಿಗ್ಗೆ ಮೇಲಿನ ಭಾಗಗಳಿಗೆ ಆಯಿಲ್ ತಲುಪುವುದನ್ನು ತಡಮಾಡುತ್ತದೆ.

ಬೋರ್ ಕೆಲಸದ ಹೊತ್ತು ಬಂದೇ ಬಿಟ್ಟರೆ? ಕಂಪ್ರೆಶನ್ ಅಂಕಿಗಳು ಕೆಳಗಿವೆ, ನೀಲಿ ಹೊಗೆ ನಿಂತಿಲ್ಲ, ಬ್ರೀದರ್ ಸ್ವಚ್ಛವಿದ್ದರೂ ಒತ್ತಡ ತಗ್ಗಿಲ್ಲ ಎಂದಾದರೆ ಒಂದೊಂದೇ ಸೀಲು ಬದಲಿಸುವುದನ್ನು ನಿಲ್ಲಿಸಿ. ಗಾಡಿಯ ಉಳಿದ ಅಂಗಗಳನ್ನು ನೋಡಿ. ಚಾಸಿಸ್ ತುಕ್ಕು ಹಿಡಿಯದೆ, ಕ್ರೌನು, ಗೇರ್ ಬಾಕ್ಸ್ ಗಟ್ಟಿಯಾಗಿದ್ದರೆ ಇಂಜಿನ್ ಕೆಲಸ ಮಾಡಿಸುವುದರಲ್ಲಿ ಅರ್ಥವಿದೆ. ಇನ್ನೂ ಎಷ್ಟು ವರ್ಷ ದುಡಿಸುತ್ತೀರಿ ಎನ್ನುವುದೂ ಲೆಕ್ಕಕ್ಕೆ ಬರಬೇಕು. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್ನೆಸ್ ಮಾಡಿಸಬೇಕಾಗುತ್ತದೆ, ಅದರ ಖರ್ಚನ್ನೂ ಕೂಡಿಸಿ. ಮಾರುವ ಮನಸ್ಸಾದರೆ ಇದ್ದುದನ್ನು ಇದ್ದಂತೆ ಹೇಳಿ ಮಾರುವುದೇ ಧರ್ಮ. ಕೊಳ್ಳುವವರಿಗೂ ಒಂದು ಮಾತು. ಹಳೆಯ ಗಾಡಿಯ ಇಂಜಿನ್ ಮಿರಮಿರ ಹೊಳೆಯುತ್ತಿದ್ದರೆ ಸಂತೋಷಪಡುವ ಮೊದಲು ಹೇರು ಹಾಕಿ ಮೂವತ್ತು ಕಿಲೋಮೀಟರ್ ಓಡಿಸಿ, ನಿಲ್ಲಿಸಿ, ಕೆಳಗೆ ಬಗ್ಗಿ ನೋಡಿ.

ಬಸಿದ ಆಯಿಲ್ ಎಲ್ಲಿಗೆ ಹೋಗುತ್ತದೆ?

ಗ್ಯಾರೇಜಿನ ನೆಲ ಕಪ್ಪಾಗಿರುವುದು ನಮಗೆ ರೂಢಿಯಾಗಿಬಿಟ್ಟಿದೆ. ಬಸಿದ ಆಯಿಲಿನಲ್ಲಿ ಮಸಿಯ ಜೊತೆಗೆ ಸವೆದ ಲೋಹದ ಕಣಗಳಿರುತ್ತವೆ, ಸುಟ್ಟ ಎಣ್ಣೆಯ ವಿಷಗಳಿರುತ್ತವೆ. ಹಳ್ಳಿಗಳಲ್ಲಿ ಅದನ್ನು ಗೆದ್ದಲಿಗೆಂದು ತೊಲೆ, ಬಾಗಿಲಿಗೆ ಬಳಿಯುತ್ತಾರೆ, ಗಾಯವಾದ ದನದ ಮೈಗೂ ಹಚ್ಚುವುದುಂಟು. ದನಕ್ಕೆ ಹಚ್ಚುವುದನ್ನು ಇಂದೇ ನಿಲ್ಲಿಸಬೇಕು, ಅದು ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಚರಂಡಿಗೆ ಚೆಲ್ಲಿದ್ದು ಮೊದಲ ಮಳೆಗೆ ಹಳ್ಳ ಸೇರುತ್ತದೆ. ಹಿರೇಕೆರೂರು ಸೀಮೆಯ ಹಳ್ಳಗಳ ನೀರು ಕುಮುದ್ವತಿಗೆ, ಕುಮುದ್ವತಿಯ ನೀರು ತುಂಗಭದ್ರೆಗೆ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಆಯಿಲನ್ನು ಪರವಾನಗಿ ಇರುವ ಮರುಸಂಸ್ಕರಣೆ ಘಟಕಗಳಿಗೇ ಕೊಡಬೇಕು. 2024ರ ಏಪ್ರಿಲ್‌ನಿಂದ ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಅದನ್ನು ಮರಳಿ ಸಂಗ್ರಹಿಸಿ ಸಂಸ್ಕರಿಸುವ ಹೊಣೆ ಬಿದ್ದಿದೆ. ಒಂದು ಮುಚ್ಚಳವಿರುವ ಬ್ಯಾರೆಲ್ಲು, ಕೆಳಗೆ ಹಿಡಿಯಲು ಅಗಲವಾದ ತಗಡಿನ ಬುಟ್ಟಿ, ಚೆಲ್ಲಿದ ಕಡೆ ಹಾಕಲು ಒಂದು ಚೀಲ ಮರದ ಹೊಟ್ಟು: ಗ್ಯಾರೇಜಿಗೆ ಬೇಕಾದದ್ದು ಇಷ್ಟೇ. ತುಂಬಿದ ಬ್ಯಾರೆಲ್ಲಿಗೆ ಸಂಗ್ರಹಿಸುವವರು ಹಣವನ್ನೂ ಕೊಡುತ್ತಾರೆ. ಕೊನೆಗೆ, ಹನಿಯ ಮೂಲ ಹುಡುಕುವುದನ್ನು ಮುಂದೆ ಕಲಿಯಬೇಕಾದವರ ಮಾತು. ಸರ್ಕಾರಿ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಒಂದು ವರ್ಷದ ಕೋರ್ಸು. ಅಲ್ಲಿಂದ ಬಂದ ಹುಡುಗರನ್ನು ಗ್ಯಾರೇಜಿಗೆ ಸೇರಿಸಿಕೊಳ್ಳುವಾಗ ಮಿಸ್ತ್ರಿಗಳು ಮೊದಲ ದಿನ ಅವರ ಕೈಗೆ ಪಾನಾ ಕೊಡುವ ಬದಲು ಬ್ರಷ್ಷು, ಡೀಸೆಲ್ ಡಬ್ಬಿ ಮತ್ತು ಟಾರ್ಚು ಕೊಡಲಿ.